ಕೇಳದೆ ಇದ್ದವರ ಸಾಲ

ಗಾಡಿ ಸಾಲದ ಕಂತು ವಸೂಲಿಗೆ ಬರುತ್ತಿದ್ದ ಫೈನಾನ್ಸಿನವನಿಗೆ ತಮ್ಮಯ್ಯಣ್ಣ ದುಡ್ಡನ್ನು ಮದುವೆ ಕವರಿನಲ್ಲಿ ಹಾಕಿ ಕೊಡುತ್ತಿದ್ದರು. ಅರಿಶಿನ ಬಣ್ಣದ ಕವರು, ಮೇಲೆ ಬಂಗಾರದ ಗೆರೆಯ ಗಣಪತಿ, ಮೂಲೆಯಲ್ಲಿ ಅಂಟಿಸಿದ ಒಂದು ರೂಪಾಯಿ ನಾಣ್ಯ. ಮೊದಲ ಸಲ ಅದನ್ನು ಇಸಕೊಂಡವನು ಗಾಬರಿಯಾಗಿ, "ಯಾರ್ದು ಸಾ ಮದ್ವೆ?" ಎಂದು ಕೇಳಿದ್ದ.

"ನಿಮ್ ಕಂಪ್ನೀದು ಕಣಪ್ಪ. ತಿಂಗ್ಳು ತಿಂಗ್ಳು ಆಯ್ತದೆ."

ಅವನು ಎಣಿಸಿ ನೋಡಿ, ಒಂದು ರೂಪಾಯಿ ಹೆಚ್ಚಿದೆ ಎಂದು ನಾಣ್ಯವನ್ನು ಉಗುರಿನಿಂದ ಕೀಳಲು ಹೋದ. ತಮ್ಮಯ್ಯಣ್ಣ ತಡೆದರು. ಅದು ಲೆಕ್ಕಕ್ಕಲ್ಲ, ಮರ್ಯಾದೆಗೆ ಎಂದರು. ಸಾಲವನ್ನು ಕೈಯಿಂದ ಕೈಗೆ ಬರೀ ನೋಟಾಗಿ ಕೊಟ್ಟರೆ ಇಸಕೊಂಡವನೂ ಭಿಕ್ಷೆ ಇಸಕೊಂಡ ಹಾಗೆ, ಕೊಟ್ಟವನೂ ದಂಡ ಕಟ್ಟಿದ ಹಾಗೆ ಅನ್ನುವುದು ಅವರ ವಾದ. ನಾನು ಮಹಡಿ ಮೆಟ್ಟಿಲ ಮೇಲೆ ನಿಂತು ನಗುತ್ತಿದ್ದೆ. ಆ ನಗುವನ್ನು ಈಗ ನೆನೆದರೆ ಅದು ಬೇರೆ ಯಾರದೋ ಅನ್ನಿಸುತ್ತದೆ.

ಹೊಳೆನರಸೀಪುರದಲ್ಲಿ ಹೊಳೆಗೆ ಇಳಿಯುವ ಬೀದಿಯೊಂದರಲ್ಲಿ ಅವರ ಮನೆ. ಕೆಳಗೆ ಶಾಮಿಯಾನದ ಗೋಡೌನು, ಅದರ ಹಿಂದೆ ಅವರ ಸಂಸಾರ, ಮೇಲೆ ಬಾಡಿಗೆಗೆ ಎರಡು ಕೋಣೆ. ಕಾಲೇಜಿನಲ್ಲಿ ಅರ್ಥಶಾಸ್ತ್ರದ ಉಪನ್ಯಾಸಕಿಯಾಗಿ ಸೇರಿದ ನಾನು ಅರಕಲಗೂಡಿನಿಂದ ದಿನಾ ಬಸ್ಸಿನಲ್ಲಿ ಓಡಾಡಿ ಸಾಕಾಗಿ ಆ ಎರಡು ಕೋಣೆ ಹಿಡಿದಿದ್ದೆ. ಗೋಡೌನಿನಿಂದ ಯಾವಾಗಲೂ ಒದ್ದೆ ಬಟ್ಟೆ ಮತ್ತು ತುಕ್ಕಿನ ವಾಸನೆ ಮೇಲಕ್ಕೆ ಬರುತ್ತಿತ್ತು. ಒಳಗೆ ಪೈಪು, ಹಗ್ಗ, ಹಂಡೆ, ಒಂದರೊಳಗೊಂದು ಕೂರಿಸಿದ ಕೆಂಪು ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಯ ಮೇಲೆ ಬುದ್ಧನ ಕ್ಯಾಲೆಂಡರು, ಅದರ ಪಕ್ಕದ ಮೊಳೆಗೆ ಗಾಡಿಯ ಕೀಲಿ.

ಮನುಷ್ಯ ತೆಳ್ಳಗೆ, ಉದ್ದ ಕೈ. ಕಂಬ ಹೊತ್ತು ಹೊತ್ತು ಎಡ ಭುಜ ಇಳಿಬಿದ್ದಿತ್ತು. ಸಡಿಲ ಗಂಟು ಎಲ್ಲಿ ಕಂಡರೂ ಬಿಚ್ಚಿ ಮತ್ತೆ ಬಿಗಿಯುವುದು ಅವರ ಚಟ. ನನ್ನ ಬಟ್ಟೆ ಒಣಹಾಕುವ ಹಗ್ಗ, ಬೀದಿಯಲ್ಲಿ ನಿಂತ ಸೊಪ್ಪಿನ ಗಾಡಿಯ ಟಾರ್ಪಾಲು, ಯಾರದೋ ಬೈಕಿನ ಹಿಂದೆ ಕಟ್ಟಿದ ಮೂಟೆ, ಯಾವುದನ್ನೂ ಬಿಡುತ್ತಿರಲಿಲ್ಲ. ಮಾತಾಡುತ್ತಾ ಮಾತಾಡುತ್ತಾ ಕೈ ತನ್ನ ಪಾಡಿಗೆ ಗಂಟು ಹಾಕುತ್ತಿತ್ತು.

ಇವೆಲ್ಲ ನನಗೆ ಖಚಿತವಾಗಿ ನೆನಪಿರುವ ಸಂಗತಿಗಳು. ಖಚಿತವಲ್ಲದ ಒಂದು ಇದೆ. ಅದಕ್ಕಾಗಿಯೇ ಇದನ್ನು ಬರೆಯಲು ಕೂತಿದ್ದೇನೆ. ದಿನಚರಿ ಬರೆಯುವ ಅಭ್ಯಾಸ ನನಗೆ ಹದಿನೆಂಟನೆಯ ವಯಸ್ಸಿನಿಂದ ಇದ್ದರೂ, ಬೇಕಾದ ದಿನದ ಬಗ್ಗೆ ಅದರಲ್ಲಿ ಬೇಕಾದದ್ದು ಸಿಗುವುದಿಲ್ಲ.

ತಮ್ಮಯ್ಯಣ್ಣ ಮನುಷ್ಯರನ್ನು ಗುರುತು ಹಿಡಿಯುತ್ತಿದ್ದದ್ದು ಮುಯ್ಯಿಯಿಂದ. ನಮ್ಮ ಮನೆಯ ಮದುವೆಗೆ ಅವರು ಹಾಕಿದ್ದನ್ನು ಅವರ ಮನೆಯ ಮದುವೆಗೆ ನಾವು ಸ್ವಲ್ಪ ಸೇರಿಸಿ ತಿರುಗಿಸುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಪದ್ಧತಿ. ಹೆಚ್ಚಿನವರು ಪುಸ್ತಕದಲ್ಲಿ ಬರೆದಿಡುತ್ತಾರೆ. ಇವರಿಗೆ ಅದು ಸೇರುತ್ತಿರಲಿಲ್ಲ; ಬರೆದಿಟ್ಟರೆ ಅಂಗಡಿ ಬಾಕಿಯಾಗುತ್ತದೆ, ತಲೆಯಲ್ಲಿಟ್ಟರೆ ನೆಂಟಸ್ತನ ಅನ್ನುತ್ತಿದ್ದರು. ಸಂಜೆ ಗೋಡೌನಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತರೆ ಬೀದಿಯೇ ಅವರಿಗೆ ಲೆಕ್ಕದ ಹಾಳೆ.

"ಅಗೋ, ಆ ಬತ್ತಾ ಅವ್ನಲ್ಲ, ಅವ್ನು ಐನೂರು. ಅವ್ನ್ ಇಂದ್ಗಡೆ ಬತ್ತಾ ಇರೋದು ಅವ್ನ್ ಅತ್ಗೆ. ಒಂದ್ ಸೀರೆ, ಇನ್ನೂರು ರೂಪಾಯಿ. ಸೀರೆ ನಮ್ ಜಯ ಉಟ್ಕಂಡು ಅರ್ದಾಕವ್ಳೆ, ನಾನು ಇನ್ನೂ ತೀರ್ಸಿಲ್ಲ."

ಒಳಗಿನಿಂದ ಹೆಂಡತಿ ಜಯಕ್ಕ, "ಅರೀದೆ ಪೂಜೆ ಮಾಡಾಕಾಯ್ತದಾ?" ಎಂದು ಕೂಗುತ್ತಿದ್ದಳು.

ಅವರಿಗೆ ತಲೆನೋವಾಗಿದ್ದ ಮುಯ್ಯಿ ನನ್ನದು. ಒಬ್ಬಳೇ ಮಗಳು ರೂಪಾಳ ಮದುವೆಗೆ ನಾನು ಒಂದು ಸಾವಿರ ಹಾಕಿದ್ದೆ. ನಲವತ್ತರ ಹತ್ತಿರ ಬಂದಿದ್ದ ನನಗೆ ಮದುವೆಯ ಯೋಚನೆ ಇರಲಿಲ್ಲ. "ನೀವು ಮದ್ವೆ ಆಗಾಕಿಲ್ಲ, ನನ್ ಮುಯ್ಯಿ ತೀರಾಕಿಲ್ಲ. ಒಂದ್ ಮನೇನಾರ ಕಟ್ಬುಡಿ ಮೇಡಮ್ಮೋರೆ, ಒಕ್ಕಲು ಬರೋ ದಿನ ಕೊಟ್ಬುಡ್ತೀನಿ" ಎಂದು ಬಾಡಿಗೆ ಇಸಕೊಳ್ಳುವಾಗಲೆಲ್ಲ ಹೇಳುತ್ತಿದ್ದರು. ಅದನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಿ ಎಂದರೆ ನಾನು ಏನೋ ಅಸಹ್ಯ ಆಡಿದ ಹಾಗೆ ಮುಖ ತಿರುಗಿಸುತ್ತಿದ್ದರು.

ಅವರ ಬಾಯಲ್ಲಿ ಮತ್ತೆ ಮತ್ತೆ ಬರುತ್ತಿದ್ದ ಇನ್ನೊಂದು ಮುಯ್ಯಿ ರಾಮನಾಥಪುರದ ಸಾಹುಕಾರರದು. ಹೊಗೆಸೊಪ್ಪಿನ ವ್ಯಾಪಾರ, ಹೊಳೆ ದಂಡೆಯಲ್ಲಿ ಜಮೀನು, ತಲೆಮಾರುಗಳಿಂದ ದೊಡ್ಡ ಮನೆ. ಅಲ್ಲಿನ ನಾಮಕರಣ, ಮದುವೆ, ತಿಥಿ, ಎಲ್ಲದಕ್ಕೂ ಇಪ್ಪತ್ತು ವರ್ಷ ಚಪ್ಪರ ಹಾಕಿದವರು ತಮ್ಮಯ್ಯಣ್ಣ. ಆ ಮನೆಯ ಕಂಬಗಳಿಗೆ ಹಗ್ಗ ಬಿಗಿದಿದ್ದರು, ಜಗುಲಿ ಹತ್ತಿರಲಿಲ್ಲ. ಊಟ ಹಿತ್ತಲಿಗೆ ಬರುತ್ತಿತ್ತು. ಇದನ್ನು ಅವರು ಸಿಟ್ಟಿನಿಂದ ಹೇಳಿದ್ದನ್ನು ನಾನು ಕೇಳಿಲ್ಲ. ಹೇಳಿ, ಆ ಕೂಡಲೇ ರೂಪಾಳ ಮದುವೆಗೆ ಬರುತ್ತಿದ್ದರು. "ಅಂತಾ ಸಾವ್ಕಾರ್ರು ನಮ್ ರೂಪನ್ ಮದ್ವೇಗೆ ಬಂದ್ರು ಕಣಮ್ಮ. ಎರಡ್ನೇ ಸಾಲಲ್ಲಿ, ನಮ್ ಕೆಂಪ್ ಕುರ್ಚಿ ಮ್ಯಾಲೆ ಕುಂತ್ರು. ನಮ್ ಕೈಯಿಂದ್ಲೇ ಪಾನಕ ಕುಡುದ್ರು. ಐದ್ ಸಾವ್ರ ಮುಯ್ಯಿ ಆಕುದ್ರು."

ಸಮುದಾಯ ಭವನದಲ್ಲಿ ನಡೆದ ಆ ಮದುವೆಗೆ ನಾನೂ ಹೋಗಿದ್ದೆ. ಬಿಳಿ ಅಂಗಿ, ಬಿಳಿ ಪಂಚೆ, ಕೆಂಪು ಕುರ್ಚಿಯ ತೋಳಿನ ಮೇಲೆ ಉಂಗುರದ ಕೈ. ನನಗೂ ಅದು ಕಾಣುತ್ತದೆ.

ಕೊರೊನಾ ಬಂದು ಎರಡು ವರ್ಷ ಮದುವೆಗಳೇ ನಿಂತವು. ಮತ್ತೆ ಶುರುವಾದಾಗ ಜನ ಮನೆ ಮುಂದೆ ಚಪ್ಪರ ಹಾಕಿಸುವುದನ್ನು ಬಿಟ್ಟಿದ್ದರು. ಹಾಸನದ ರಸ್ತೆಯುದ್ದಕ್ಕೂ ಹೊಸ ಕಲ್ಯಾಣ ಮಂಟಪಗಳು. ಕುರ್ಚಿ, ಪಾತ್ರೆ, ದೀಪ ಎಲ್ಲ ಅವರದೇ. ತಮ್ಮಯ್ಯಣ್ಣನಿಗೆ ಉಳಿದದ್ದು ತಿಥಿ, ಬೋರ್‌ವೆಲ್ ಪೂಜೆ, ಹಳ್ಳಿಗಳ ಸಣ್ಣಪುಟ್ಟ ಸಭೆ. ದೂರದ ಕೆಲಸ ಹಿಡಿಯಲು ಸಾಲದಲ್ಲಿ ಗೂಡ್ಸ್ ಗಾಡಿ ತಂದರು. ಪೈಪು ಬದಲಿಸಲು ಜಯಕ್ಕ ಹೆಂಗಸರ ಸಂಘದಲ್ಲಿ ಸಾಲ ಎತ್ತಿದಳು. ಆಮೇಲೂ ಸಾಲದೆ ಬಂದಾಗ, ನುಗ್ಗೇಹಳ್ಳಿ ಕಡೆ ಮದುವೆಯಾಗಿ ಹೋಗಿದ್ದ ರೂಪಾ ತವರಿಗೆ ಬಂದವಳು ಕತ್ತಿನಿಂದ ಎರಡೆಳೆ ಸರ ತೆಗೆದು ಅಪ್ಪನ ಕೈಗಿಟ್ಟಳು. ಅದು ಅವಳ ಅತ್ತೆ ಮನೆಯವರು ಧಾರೆಯ ದಿನ ಹಾಕಿದ ಸರ. ಬಸ್‌ಸ್ಟ್ಯಾಂಡಿನ ಎದುರಿನ ಮಹಡಿಯ ಚಿನ್ನದ ಸಾಲದ ಕಚೇರಿಗೆ ಅದು ಹೋಯಿತು. ಪಾಲಿಶ್‌ಗೆ ಕೊಟ್ಟಿದ್ದೇನೆ ಎಂದು ಅವಳು ಅತ್ತೆಗೆ ಹೇಳಿದ್ದಳು. ಬರುವ ವೈಶಾಖದಲ್ಲಿ ಮೈದುನನ ಮದುವೆ. ಅಷ್ಟರೊಳಗೆ ಅದು ಅವಳ ಕತ್ತಿಗೆ ವಾಪಸ್ ಬರಬೇಕಿತ್ತು.

ಒಂದು ಸಂಜೆ ಜಯಕ್ಕ ಸೊಪ್ಪು ಬಿಡಿಸುತ್ತಾ ನನ್ನನ್ನು ಕರೆದಳು. "ನೀವು ಓದ್ಸೋದೂ ದುಡ್ಡಿನ್ ಇಚಾರ್ವೇ ಅಲ್ವ ಮೇಡಮ್? ಇವ್ರಿಗೊಸಿ ಏಳಿ. ಒಂದೊಂದ್ ತಿಂಗ್ಳು ಒಬ್ಬೊಬ್ರುಗೆ ಕೊಟ್ಕಂಡು ಓಯ್ತಾವ್ರೆ. ಯಾರ್ದು ಮೊದ್ಲು, ಯಾರ್ದು ಆಮೇಲೆ ಅಂತ ಗ್ಯಾನ ಇಲ್ಲ."

ಮೆಟ್ಟಿಲ ಮೇಲೆ ಕೂತು ನಾನು ವಿವರಿಸಿದೆ. ಸಾಲ ಎಷ್ಟಿದೆ ಅನ್ನುವುದಕ್ಕಿಂತ, ಯಾರು ಜೋರು ಮಾಡುತ್ತಾರೆ ಅನ್ನುವುದಕ್ಕಿಂತ, ತಪ್ಪಿದರೆ ಏನು ಹೋಗುತ್ತದೆ ಎಂದು ನೋಡಬೇಕು. ಚಿನ್ನಕ್ಕೆ ಒಂದು ವಾಯಿದೆ ಇದೆ, ದಾಟಿದರೆ ಹರಾಜು, ಹರಾಜಾದರೆ ಅದೇ ಸರ ಮತ್ತೆ ಸಿಗುವುದಿಲ್ಲ. ಅದಕ್ಕೆ ಅದು ಮೊದಲು. ಅಸಲು ಕಟ್ಟಲಾಗದಿದ್ದರೆ ಬಡ್ಡಿಯನ್ನಾದರೂ ಕಟ್ಟಿ ಮತ್ತೆ ಅಡ ಬರೆಸಬೇಕು. ಗಾಡಿ ಎರಡನೆಯದು, ಅದು ದುಡಿಯುತ್ತದೆ. ಸಂಘದ್ದು ವಾರ ವಾರ ಹೋಗುತ್ತಲೇ ಇರಬೇಕು, ಜಯಕ್ಕ ತಪ್ಪಿದರೆ ಅಕ್ಕಪಕ್ಕದ ಹೆಂಗಸರು ತಮ್ಮ ಕೈಯಿಂದ ತುಂಬಬೇಕಾಗುತ್ತದೆ. ಇವೆಲ್ಲ ಆಗಿ ಉಳಿದರೆ ಮುಯ್ಯಿ. ಅದಕ್ಕೆ ಬಡ್ಡಿಯಿಲ್ಲ, ಜಪ್ತಿಯಿಲ್ಲ, ಕೇಳುವವರಿಲ್ಲ.

ತಮ್ಮಯ್ಯಣ್ಣ ಹಗ್ಗದ ತುದಿ ಹೊಸೆಯುತ್ತಾ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೇಳಿದರು:

"ನೀವು ಏಳಿದ್ದು ಲೆಕ್ಕ. ಸರಿಯಾಗೇ ಐತೆ. ಆದ್ರೆ ಕೇಳೋರು ಇರೋ ಸಾಲ ಅದ್ರ್ ಪಾಡಿಗೆ ತೀರ್ತದೆ ಕಣಮ್ಮ. ಬತ್ತಾರೆ, ಬಯ್ತಾರೆ, ಇಸ್ಕಂಡು ಓಯ್ತಾರೆ. ಕೇಳ್ದೆ ಇರೋರ್ದು ಐತಲ್ಲ, ಅದ ನಾವೇ ನೆಪ್ಪು ಮಡೀಕಂಡು ಮೊದ್ಲು ಕೊಡ್ಬೇಕು. ಇಲ್ದಿದ್ರೆ ಅದು ಯಾವತ್ತೂ ತೀರಾಕಿಲ್ಲ."

ಅವರ ಮಾತಿನಲ್ಲಿ ತೂಕವಿತ್ತು. ನನ್ನ ಮಾತಿನಲ್ಲಿ ಸರ ಇತ್ತು. ಅವತ್ತು ನಾನು ಸೋಲಲಿಲ್ಲ, ಗೆಲ್ಲಲೂ ಇಲ್ಲ. ಜಯಕ್ಕ ಮಾತ್ರ ಸೊಪ್ಪಿನ ಕಡ್ಡಿಗಳನ್ನು ಗುಡಿಸಿಕೊಂಡು, "ಇಬ್ರೂ ಚೆಂದಾಗ್ ಮಾತಾಡುದ್ರಿ" ಎಂದು ಒಳಗೆ ಹೋದಳು.

ಆದರೂ ನನ್ನ ಮಾತು ಸ್ವಲ್ಪ ನಾಟಿರಬೇಕು. ಮಾಘದ ಲಗ್ನಗಳಲ್ಲಿ ಕೆಲಸ ಚೆನ್ನಾಗಿ ಸಿಕ್ಕಿತು. ಬಂದದ್ದರಲ್ಲಿ ಚಿನ್ನದ ಬಡ್ಡಿಗೆ ಬೇಕಾದ ಹತ್ತು ಸಾವಿರ ಚಿಲ್ಲರೆಯನ್ನು ಜಯಕ್ಕನ ಕೈಗೆ ಕೊಟ್ಟು ಅಕ್ಕಿ ಡಬ್ಬದಲ್ಲಿ ಇಡಿಸಿದರು. ಅದೇ ದಿನಗಳಲ್ಲಿ ಸಾಲಗಾಮೆಯ ಒಂದು ಮದುವೆಯಲ್ಲಿ ಹುಡುಗಿಯ ಅಪ್ಪ ಶಾಮಿಯಾನದ ಬಾಡಿಗೆ ಮುಂದಿನ ತಿಂಗಳು ಕೊಡುತ್ತೇನೆಂದು ಕೈಮುಗಿದ. ಇವರು ಆಗಲಿ ಎಂದು ಹೇಳಿ, ಜೇಬಿನಿಂದ ಅದೇ ಹುಡುಗಿಗೆ ಮುಯ್ಯಿ ಹಾಕಿ ಬಂದರು. ಬಾಡಿಗೆ ಬರಲಿಲ್ಲ. ಜಯಕ್ಕ ಅದನ್ನು ಬೀದಿಗೆಲ್ಲ ನಗುತ್ತಾ ಹೇಳಿದಳು. ಅಕ್ಕಿ ಡಬ್ಬದ ದುಡ್ಡು ಹಾಗೇ ಇತ್ತಲ್ಲ, ಅದಕ್ಕೇ ಅವಳಿಗೆ ನಗು ಬರುತ್ತಿತ್ತು.

ಅಷ್ಟರಲ್ಲಿ ರಾಮನಾಥಪುರದಿಂದ ಲಗ್ನಪತ್ರಿಕೆ ಬಂತು. ಸಾಹುಕಾರರ ಮಗನ ಮದುವೆ, ಹಾಸನದ ದೊಡ್ಡ ಮಂಟಪದಲ್ಲಿ. ಈ ಸಲ ಅವರನ್ನು ಚಪ್ಪರಕ್ಕೆ ಕರೆದಿರಲಿಲ್ಲ, ಊಟಕ್ಕೆ ಕರೆದಿದ್ದರು. ಪತ್ರಿಕೆಯನ್ನು ಅವರು ಬುದ್ಧನ ಕ್ಯಾಲೆಂಡರಿನ ಕೆಳಗೆ ಸಿಕ್ಕಿಸಿದ್ದರು. ಬಂದವರಿಗೆಲ್ಲ ಕಾಣುವ ಜಾಗ.

ಐದಕ್ಕೆ ಹತ್ತು ತಿರುಗಿಸಬೇಕು ಎಂದರು. ಅಂಥವರಿಗೆ ಐದಕ್ಕೆ ಆರು ಕೊಡಲಾಗುತ್ತದೆಯೇ ಎಂದರು. ಹತ್ತು ಸಾವಿರ ಎಲ್ಲಿದೆ ಅನ್ನುವುದು ಮೂವರಿಗೂ ಗೊತ್ತಿತ್ತು.

"ಅಣ್ಣ, ಮೊದಲು ಸರ" ಎಂದೆ. "ವಾಯಿದೆ ಆಗಲೇ ದಾಟಿದೆ."

"ಸರ ಎಲ್ಲೋಯ್ತದೆ ಮೇಡಮ್? ಅವ್ರ್ ಬೀರುವಲ್ಲಿ ಬೆಚ್ಗೈತೆ. ಏನಾರ ಆದ್ರೆ ಮನೆ ತಾವ ಬಂದು ಕೇಳ್ತಾರೆ. ಗಾಡಿಯೋರು ಬರಾಕಿಲ್ವ, ಅಂಗೇ. ಅವ್ರು ಬಂದು ಕೇಳ್ಲಿ, ಅವತ್ತೇ ಕಟ್ತೀನಿ."

ಅವರ ಬದುಕಿನಲ್ಲಿ ಸಾಲ ಕೊಟ್ಟವನು ಅಂದರೆ ಬಾಗಿಲಿಗೆ ಬರುವ ಮನುಷ್ಯ. ಬಾರದೆ ಸುಮ್ಮನೆ ಕಳೆದುಕೊಳ್ಳುವಂತೆ ಮಾಡುವ ಸಾಲವೂ ಇರುತ್ತದೆ ಅನ್ನುವುದು ಅವರ ಅಂದಾಜಿನಲ್ಲೇ ಇರಲಿಲ್ಲ. ನಾನು ಇನ್ನೂ ಗಟ್ಟಿಯಾಗಿ ಹೇಳಬಹುದಿತ್ತೇ ಎಂದು ಕೇಳಿಕೊಂಡಿದ್ದೇನೆ. ಗಟ್ಟಿಯಾಗಿಯೇ ಹೇಳಿದ್ದೆ ಅನ್ನಿಸುತ್ತದೆ. ಆದರೆ ಆ ಪತ್ರಿಕೆಯ ಮುಂದೆ ನಿಂತಿದ್ದ ಅವರ ಮುಖ ನೋಡಿದವರ ಮಾತು ಎಷ್ಟು ಗಟ್ಟಿಯಾಗಿರಲು ಸಾಧ್ಯ?

ಮಂಟಪದ ಬಾಗಿಲಲ್ಲೇ ಫೋನಿನಿಂದ ಮುಯ್ಯಿ ಕಳಿಸಲು ಕ್ಯೂಆರ್ ಕೋಡು ಅಂಟಿಸಿದ್ದರಂತೆ. ಅದಕ್ಕೆ ಕಳಿಸಿದರೆ ಯಾರು ಕೊಟ್ಟದ್ದೆಂದು ಅವರಿಗೆ ಹೇಗೆ ಕಾಣುತ್ತದೆ ಎಂದು ತಮ್ಮಯ್ಯಣ್ಣ ಸಾಲಿನಲ್ಲಿ ನಿಂತು, ವೇದಿಕೆ ಹತ್ತಿ, ಅಕ್ಕಿ ಡಬ್ಬದ ದುಡ್ಡಿದ್ದ ಕವರನ್ನು ಸಾಹುಕಾರರ ಕೈಗೇ ಕೊಟ್ಟರಂತೆ. ಅವರು ಅದನ್ನು ನೋಡದೆ ಹಿಂದೆ ನಿಂತವನಿಗೆ ದಾಟಿಸಿದರು. ಇದನ್ನು ಹೇಳಿದವಳು ಜಯಕ್ಕ. ತಮ್ಮಯ್ಯಣ್ಣ ಹೇಳಿದ್ದು ಬೇರೆ: ಎಲ್ಲರ ಸಾಲಿನಲ್ಲೇ ಮೇಜಿನ ಮೇಲೆ ಎಲೆ ಹಾಕಿದರು, ಹೋಳಿಗೆಗೆ ತುಪ್ಪ ಎರಡು ಸಲ ಬಂತು. ಬೀದಿಯಲ್ಲಿ ಒಂದು ವಾರ ಆ ತುಪ್ಪದ ಮಾತೇ.

ಯುಗಾದಿ ಕಳೆದ ಮೇಲೆ ಅವರು ಮತ್ತೆ ದುಡ್ಡು ಕೂಡಿಸಿಕೊಂಡು ಚಿನ್ನದ ಕಚೇರಿಗೆ ಹೊರಟರು. ಇಂಗ್ಲಿಷ್ ಕಾಗದ ಏನಾದರೂ ಕೊಟ್ಟರೆ ಓದಲು ಬನ್ನಿ ಎಂದು ನನ್ನನ್ನೂ ಕರೆದರು. ಗಾಜಿನ ಹಿಂದೆ ಕೂತ ಹುಡುಗಿ ರಸೀದಿ ನೋಡಿ, ಕಂಪ್ಯೂಟರ್ ನೋಡಿ, ಮತ್ತೆ ರಸೀದಿ ನೋಡಿದಳು. ಅವಳ ದನಿ ಮೆತ್ತಗಿತ್ತು.

"ಇದು ಹೋಗಿದೆ ಅಂಕಲ್. ಹೋದ ತಿಂಗಳು ಹಾಸನದಲ್ಲಿ ಹರಾಜಾಯ್ತು. ನಿಮಗೆ ಮೆಸೇಜು ಕಳಿಸಿದಾರೆ, ರಿಜಿಸ್ಟರ್ ಪೋಸ್ಟೂ ಹಾಕಿದಾರೆ."

ಪೋಸ್ಟು ಬಂದ ದಿನಗಳಲ್ಲಿ ಅವರು ಲಗ್ನದ ಕೆಲಸದ ಮೇಲೆ ಊರೂರು ಸುತ್ತುತ್ತಿದ್ದಿರಬೇಕು. ಜಯಕ್ಕ ಸಂಘಕ್ಕೆ ಹೋಗಿದ್ದಿರಬೇಕು. ಗೊತ್ತಿಲ್ಲ. ತಮ್ಮಯ್ಯಣ್ಣ ಗಾಜಿಗೆ ಹತ್ತಿರ ಬಾಗಿದರು.

"ಯಾರವ್ವ ತಕ್ಕಂಡೋರು? ಎಸ್ರು ಏಳಿದ್ರೆ ಸಾಕು. ಅವ್ರ್ ಮನೆ ತಾವ ಓಗಿ ಕೇಳ್ತೀನಿ. ಜಾಸ್ತಿನೇ ಕೊಟ್ಟು ಬುಡುಸ್ಕತೀನಿ."

ಹಾಗೆ ಹೇಳಲು ಬರುವುದಿಲ್ಲ, ಎಷ್ಟೋ ಸರಗಳು ಒಟ್ಟಿಗೆ ಹೋಗುತ್ತವೆ ಎಂದಳು ಹುಡುಗಿ. ಸಾಲಕ್ಕೆ ಮುರಿದುಕೊಂಡು ಉಳಿದ ಚೂರು ಹಣ ಖಾತೆಗೆ ಬರುತ್ತದೆ ಎಂದೂ ಹೇಳಿದಳು.

ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಅವರು ತಮ್ಮ ಫೋನನ್ನು ನನ್ನ ಕೈಗೆ ಕೊಟ್ಟರು. ರೀಚಾರ್ಜು, ಲಾಟರಿ, ಸೀರೆ ಅಂಗಡಿಯ ಜಾಹೀರಾತುಗಳ ನಡುವೆ ಆ ಸಂದೇಶಗಳಿದ್ದವು. ಇಂಗ್ಲಿಷಿನವು, ಯಾವುದನ್ನೂ ಅವರು ತೆರೆದಿರಲಿಲ್ಲ. ಒಂದೊಂದನ್ನೇ ಕನ್ನಡದಲ್ಲಿ ಓದಿ ಹೇಳಿದೆ. ಬೇರೆ ಊರಿನ ಸುದ್ದಿ ಕೇಳುವವರಂತೆ ಕೇಳಿಸಿಕೊಂಡರು. ಪಕ್ಕದಲ್ಲಿ ಯಾರೋ ಇಟ್ಟಿದ್ದ ತೆಂಗಿನಕಾಯಿ ಮೂಟೆಯ ಬಾಯಿ ಸಡಿಲವಾಗಿತ್ತು. ಅವರ ಕೈ ಅದರ ಕಡೆ ಹೋಗಲಿಲ್ಲ.

ವೈಶಾಖ ಬಂತು. ಚಿನ್ನದ ಬೆಲೆ ಎಲ್ಲಿಗೋ ಹೋಗಿತ್ತು. ಗಾಡಿ ಮಾರಿ, ಅದರ ಸಾಲ ಕಳೆದು ಉಳಿದದ್ದರಲ್ಲಿ ಸಣ್ಣ ತೂಕದ ಎರಡೆಳೆ ಸರ ಮಾಡಿಸಿ ಮಗಳಿಗೆ ಕಳಿಸಿದರು. ರೂಪಾಳ ಅತ್ತೆ ಅದನ್ನು ಬೆರಳಿನಲ್ಲಿ ಎತ್ತಿ ನೋಡಿ ಏನೂ ಕೇಳಲಿಲ್ಲವಂತೆ, ಕತ್ತಿನಿಂದ ಬಿಚ್ಚಿಸಿ ತವರಿಗೇ ವಾಪಸ್ ಕಳಿಸಿದರಂತೆ. ಮೈದುನನ ಮದುವೆಯಲ್ಲಿ ಹಿರಿಯ ಸೊಸೆ ಕರಿಮಣಿಯಲ್ಲಿ ಓಡಾಡಿದಳು. ಮನೆ ಬಿಟ್ಟು ಓಡಿಸಲಿಲ್ಲ, ಹೊಡೆಯಲಿಲ್ಲ. ತವರಿಗೆ ಕಳಿಸುವುದನ್ನು ನಿಲ್ಲಿಸಿದರು, ಅಷ್ಟೇ. ಗೌರಿ ಹಬ್ಬಕ್ಕೆ ಬಾಗಿನ ತೆಗೆದುಕೊಂಡು ಹೋದ ಜಯಕ್ಕ ಬಾಗಿಲಲ್ಲೇ ಕೊಟ್ಟು ಬಂದಳು. ವಾಪಸ್ ಬಂದ ಸಣ್ಣ ಸರ ಸಂಘದ ಕಂತಿಗೆ ಕರಗಿತು.

ಗಾಡಿಯಿಲ್ಲದ ಶಾಮಿಯಾನ ನಡೆಯುವುದಿಲ್ಲ. ಪೈಪು, ಕುರ್ಚಿ ಎಲ್ಲ ಚನ್ನರಾಯಪಟ್ಟಣದ ಒಬ್ಬರು ಕೊಂಡರು. ಕೊಂಡವರ ಹತ್ತಿರವೇ ತಮ್ಮಯ್ಯಣ್ಣ ದಿನಗೂಲಿಗೆ ಕಂಬ ನಿಲ್ಲಿಸಲು ಹೋಗತೊಡಗಿದರು. ತಮ್ಮ ಕುರ್ಚಿಗಳನ್ನೇ ಇನ್ನೊಬ್ಬರ ಲಾರಿಗೆ ಏರಿಸುತ್ತಿದ್ದರು. ನನಗೆ ಹಾಸನಕ್ಕೆ ವರ್ಗವಾಗಿತ್ತು. ಖಾಲಿ ಗೋಡೌನಿನಲ್ಲಿ ನನ್ನ ಹೆಜ್ಜೆ ಸಪ್ಪಳ ಮಾಡುತ್ತಿದ್ದದ್ದು ನೆನಪಿದೆ. ಗೋಡೆಯಲ್ಲಿ ಕ್ಯಾಲೆಂಡರು ಇತ್ತು, ಲಗ್ನಪತ್ರಿಕೆಯೂ ಇತ್ತು.

ನಾನು ಸಾಮಾನು ಕಟ್ಟುತ್ತಿದ್ದ ದಿನ ಅವರು ಮೇಲೆ ಬಂದರು. ಅದೇ ಕೊನೆಯ ಭೇಟಿ. ನನ್ನ ಪುಸ್ತಕದ ರಟ್ಟಿನ ಪೆಟ್ಟಿಗೆಗಳ ಹಗ್ಗವನ್ನೆಲ್ಲ ಬಿಚ್ಚಿ ಮತ್ತೆ ಬಿಗಿದರು. ಗಂಟು ಮೊದಲಿನ ಹಾಗೇ ಕೂತಿತು. ಆಮೇಲೆ ಜೇಬಿನಿಂದ ಅರಿಶಿನ ಬಣ್ಣದ ಕವರು ತೆಗೆದು ಪೆಟ್ಟಿಗೆಯ ಮೇಲಿಟ್ಟರು.

"ನೀವು ಮದ್ವೆ ಆಗಾಕಿಲ್ಲ, ಮನೆ ಕಟ್ಟಾಕಿಲ್ಲ. ನಾನು ಇನ್ನೆಷ್ಟು ದಿನ ಕಾಯ್ಲಿ? ಇದೇ ನಿಮ್ ಮದ್ವೆ ಅನ್ಕಳಿ."

ಈ ದುಡ್ಡು ಬೇಡ, ಜಯಕ್ಕನಿಗೆ ಕೊಡಿ, ಸಂಘಕ್ಕೆ ಕಟ್ಟಲಿ ಎಂದು ಅವರ ಕೈಗೆ ತುರುಕಲು ನೋಡಿದೆ. ಅವರು ಕೈ ಹಿಂದಕ್ಕೆ ಕಟ್ಟಿಕೊಂಡರು. ಕಿಟಕಿಯ ಕಡೆ ತಿರುಗಿದರು.

"ಕೇಳ್ದೆ ಇರೋರ್ದು ಮೊದ್ಲು ಕೊಡ್ಬೇಕು ಅಂತ ನಿಮ್ಗೆ ದೊಡ್ಡದಾಗಿ ಏಳ್ದೆ ಅಲ್ವ ಅವತ್ತು? ನನ್ ಮಗ್ಳೂ ಕೇಳ್ಲಿಲ್ಲ ಕಣಮ್ಮ. ಒಂದ್ ದಿನಾನೂ, ಅಪ್ಪ ಸರ ಎಲ್ಲಿ ಅನ್ಲಿಲ್ಲ. ನಾನು ಬೀದೀಲಿ ಓಗೋರ್ದೆಲ್ಲ ನೆಪ್ಪು ಮಡೀಕಂಡೆ. ಅವ್ಳು ಮನೇವ್ಳೇ ಅಲ್ವಾ ಅಂತ ಅವ್ಳ ಲೆಕ್ಕಕ್ಕೇ ತಕ್ಕಳ್ಲಿಲ್ಲ."

ಕವರು ಪೆಟ್ಟಿಗೆಯ ಮೇಲೆಯೇ ಇತ್ತು. ಅವರು ಕೆಳಗಿಳಿದು ಹೋದರು.

ಮುಂದಿನ ಮಾಘದಲ್ಲಿ ಚನ್ನರಾಯಪಟ್ಟಣದ ಹತ್ತಿರ ಯಾರದೋ ಮನೆಯ ಚಪ್ಪರ ಬಿಚ್ಚುವಾಗ, ಮಡಿಸಿಟ್ಟ ಬಟ್ಟೆಗಳಿಗೆ ಒರಗಿ ಕೂತ ತಮ್ಮಯ್ಯಣ್ಣ ಏಳಲಿಲ್ಲ. ನಿದ್ದೆ ಮಾಡಲಿ ಎಂದು ಉಳಿದವರು ಸದ್ದಿಲ್ಲದೆ ಕಂಬ ಇಳಿಸಿದರಂತೆ. ಲಾರಿಗೆ ಎಲ್ಲ ಏರಿಸಿದ ಮೇಲೆ, ಆ ಬಟ್ಟೆ ಬೇಕಾದಾಗ ಎಬ್ಬಿಸಲು ಹೋದರಂತೆ.

ತಿಥಿಯ ದಿನ ನಾನು ಹೋದೆ. ಮನೆ ಮುಂದೆ ಬೇರೆಯವರ ಶಾಮಿಯಾನ ಹಾಕಿದ್ದರು. ಮೂಲೆಯ ಹಗ್ಗ ಸಡಿಲವಾಗಿ ಬಟ್ಟೆ ಪಟಪಟ ಬಡಿಯುತ್ತಿತ್ತು. ರೂಪಾ ಗಂಡನ ಜೊತೆ ಬಂದು, ಊಟಕ್ಕೆ ಮೊದಲೇ ಹೊರಟು ಹೋಗಿದ್ದಳು. ಜನ ಕರಗಿದ ಮೇಲೆ ನಾನು ಒಡೆಯದೆ ಇಟ್ಟುಕೊಂಡಿದ್ದ ಕವರನ್ನು ಜಯಕ್ಕನ ಮುಂದೆ ಇಟ್ಟೆ. ಅವಳು ಮುಟ್ಟಲಿಲ್ಲ. ಹಾಕಿದ ಮುಯ್ಯಿಯನ್ನು ವಾಪಸ್ ಇಸಕೊಳ್ಳಬಾರದು ಎಂದಳು.

ರಾಮನಾಥಪುರದವರು ಬಂದಿದ್ದರೇ ಎಂದು ಕೇಳಿದೆ. ಸುಮ್ಮನೆ ಮಾತಿಗೆ ಕೇಳಿದ್ದು.

"ಅವ್ರು ಯಾವತ್ ಬಂದವ್ರೆ, ಇವತ್ ಬರಾಕೆ?"

ರೂಪಾಳ ಮದುವೆಗೆ ಬಂದಿದ್ದರಲ್ಲ ಎಂದೆ. ಜಯಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು.

"ಅವತ್ ಬಂದಿದ್ದು ಅವ್ರ್ ಡ್ರೈವರ್ರು. ಅವ್ರ್ ಮನೇಲಿ ಏನೋ ಇತ್ತು, ದೊಡ್ ಅಂಡೆ ಬೇಕು ಅಂತ ಕೇಳಾಕ್ ಬಂದಿದ್ದ. ಪಾನಕ ಕುಡ್ಕಂಡು ಅಂಡೆ ಏರುಸ್ಕಂಡು ಓದ. ಐದ್ ಸಾವ್ರನೂ ಇಲ್ಲ, ಐದ್ ರೂಪಾಯೂ ಇಲ್ಲ. ಸಾವ್ಕಾರ್ರು ಬರ್ಲಿ ಬರ್ಲಿ ಅಂತ ಇವ್ರು ಬಾಗ್ಲು ನೋಡ್ಕಂಡೇ ಇದ್ರಲ್ಲ, ತಲೇಲಿ ಅಂಗೇ ಕುಂತ್ಬುಡ್ತು. ಒಂದ್ಸಲ ಏಳ್ದೆ. ಎರಡ್ ದಿನ ಉಣ್ಲಿಲ್ಲ. ಆಮೇಲೆ ನಾನೂ ಬಂದಿದ್ರು ಅಂತ್ಲೇ ಅಂದೆ."

"ಅಕ್ಕಿ ಡಬ್ಬದ ದುಡ್ಡು ಕೊಡುವಾಗಲೂ?"

"ಕೊಡೋವಾಗ್ಲೂ."

ಅವಳು ಎದ್ದು ಹೋಗಿ ಸಡಿಲವಾದ ಹಗ್ಗವನ್ನು ಎಳೆದು ಕಂಬಕ್ಕೆ ಸುತ್ತಿದಳು. ಗಂಟು ಹಾಕಲು ಅವಳಿಗೆ ಬರಲಿಲ್ಲ.

ಹಾಸನಕ್ಕೆ ಬಂದು ಹಳೆಯ ದಿನಚರಿ ತೆಗೆದು ನೋಡಿದೆ. ರೂಪಾಳ ಮದುವೆಯ ದಿನ ಸೆಕೆಯ ಬಗ್ಗೆ ಎರಡು ಸಾಲು ಬರೆದಿದ್ದೇನೆ, ಅಷ್ಟೇ. ಕಣ್ಣು ಮುಚ್ಚಿದರೆ ಕೆಂಪು ಕುರ್ಚಿ, ಬಿಳಿ ಅಂಗಿ, ಉಂಗುರದ ಕೈ. ನಾನು ಸಾಹುಕಾರರನ್ನು ಬೇರೆಲ್ಲೂ ನೋಡಿಲ್ಲ. ಹಾಗಾದರೆ ಈ ಕೈ ಯಾರದು?

ಒಂದು ಭಾನುವಾರ ನುಗ್ಗೇಹಳ್ಳಿಯ ಬಸ್ಸು ಹತ್ತಿದೆ. ರೂಪಾಳ ಅತ್ತೆ ಒಳಗೆ ಮಲಗಿದ್ದರು. ಅವಳು ಹೊರಗಿನ ಕಟ್ಟೆಯ ಮೇಲೆ ನನಗೆ ಕಾಫಿ ತಂದುಕೊಟ್ಟಳು. ಕತ್ತಿನಲ್ಲಿ ಕರಿಮಣಿ ಮಾತ್ರ. ಕವರು ಕೊಟ್ಟೆ. ಇದು ನಿಮ್ಮಪ್ಪ ನನಗೆ ಕೊಟ್ಟದ್ದು, ಇನ್ನು ನಿನ್ನದು ಎಂದೆ. ಅವಳು ಅದನ್ನು ಒಡೆಯಲಿಲ್ಲ. ಮೂಲೆಯ ನಾಣ್ಯದ ಮೇಲೆ ಹೆಬ್ಬೆರಳು ಆಡಿಸುತ್ತಾ ಕೂತಳು. ಆಮೇಲೆ ಒಳಗೆ ಕೇಳಿಸದಷ್ಟು ಮೆಲ್ಲಗೆ ಕೇಳಿದಳು:

"ಮೇಡಮ್, ನನ್ ಮದ್ವೇಗೆ ಸಾವ್ಕಾರ್ರು ಬಂದಿದ್ರಲ್ವ? ನಾನು ತಲೆ ಬಗ್ಸ್ಕಂಡ್ ಕುಂತಿದ್ದೆ, ಸರ್ಯಾಗ್ ನೋಡ್ಲಿಲ್ಲ. ನೀವು ನೋಡುದ್ರಾ?"

"ನೋಡಿದೆ" ಎಂದೆ. "ಎರಡನೇ ಸಾಲಿನಲ್ಲಿ, ಕೆಂಪು ಕುರ್ಚಿಯ ಮೇಲೆ ಕೂತಿದ್ದರು."